ದಾರ ಕಟ್ಟಿದ ಪಾಠ

ಸರ್ ತೀರಿಕೊಂಡ ದಿನ ಅವರ ಮನೆ ಮುಂದೆ ಸಣ್ಣದೊಂದು ವಾಗ್ವಾದ ನಡೆಯಿತು. ಸಾವಿನ ಮನೆಗಳಲ್ಲಿ ಆಗುವ ಪಾಲಿನ ಜಗಳ ಅಲ್ಲ ಅದು. ಅವರ ಅಡ್ಡಹೆಸರಿನ ಬಗ್ಗೆ.

ಭದ್ರಾವತಿಯ ಆ ಕಿರಿದಾದ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಅವರ ಹಳೇ ವಿದ್ಯಾರ್ಥಿಗಳೇ. ನನ್ನ ಜೊತೆ ಹತ್ತನೇ ಕ್ಲಾಸು ಓದಿದವನೊಬ್ಬ, ಈಗ ಟೈರಿನ ಅಂಗಡಿ ಇಟ್ಟಿದ್ದಾನೆ, ಕಣ್ಣು ಒರೆಸಿಕೊಳ್ಳುತ್ತಾ, "ಬಿಡು ಸರ್ ಹೋಗೇಬಿಟ್ರಲ್ಲ ಮಾರಾಯ್ತಿ" ಅಂದ.

ಪಕ್ಕದಲ್ಲಿ ಕೂತಿದ್ದ ನಮಗಿಂತ ಚಿಕ್ಕ ವಯಸ್ಸಿನ ಹುಡುಗ ತಿರುಗಿ ನೋಡಿದ. "ಯಾರಣ್ಣ ಬಿಡು ಸರ್? ನಮ್ಮ ಸರ್ ಹೆಸರು 'ಕೊನೆಗೆ ನೋಡು ಸರ್'."

"ಲೇ, ಅವರ ಹತ್ರ ಬೆನ್ನಿಗೆ ಗುದ್ದು ತಿಂದೋನು ನಾನು. ನನಗೇ ಹೇಳ್ಕೊಡ್ತೀಯಾ?"

"ಗುದ್ದು ನಾನೂ ತಿಂದಿದ್ದೀನಣ್ಣ. ನಮ್ಮ ಇಡೀ ಬ್ಯಾಚು ಹಂಗೇ ಕರೀತಿತ್ತು. ಬೇಕಾದ್ರೆ ಯಾರನ್ನಾದ್ರೂ ಕೇಳು."

ಕೇಳಿದರು. ನಮಗಿಂತ ಹಿಂದಿನವರು, ನಮ್ಮ ವರ್ಷದವರು ಎಲ್ಲರೂ 'ಬಿಡು ಸರ್' ಅಂದರು. ನಮ್ಮ ನಂತರ ಓದಿದವರೆಲ್ಲ 'ಕೊನೆಗೆ ನೋಡು ಸರ್' ಅಂದರು. ಒಬ್ಬರೇ ಮೇಷ್ಟ್ರು, ಒಂದೇ ಸ್ಕೂಲು, ಎರಡು ಹೆಸರು ಹೇಗೆ ಬಂತು ಅಂತ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದ ಇನ್ನೊಬ್ಬಳು ಸೆಲ್ವಿ. ಅವಳು ಇನ್ನೂ ಬಂದಿರಲಿಲ್ಲ.

ಮೇಷ್ಟ್ರ ಅಡ್ಡಹೆಸರು ಹುಡುಗರು ಇಡೋದು. ಅದನ್ನು ತಾವಾಗಿಯೇ ಬದಲಾಯಿಸಿಕೊಂಡ ಮೇಷ್ಟ್ರು ನಾನು ಕಂಡ ಹಾಗೆ ಇವರೊಬ್ಬರೇ. ಸೆಲ್ವಿ ಲೆಕ್ಕದಲ್ಲಿ ಫೇಲಾದ ಮೇಲೆ ಬದಲಾಯಿಸಿಕೊಂಡರು. ಆಮೇಲೆ ಅವರು ಬದುಕಿದ್ದಷ್ಟು ಕಾಲ ಬಯಸಿದ್ದು ಒಂದೇ: ಅವಳು ಇನ್ನೊಂದು ಸಲ ಕೂತು ಆ ಎಸ್ಸೆಸ್ಸೆಲ್ಸಿ ಲೆಕ್ಕದ ಪೇಪರ್ ಬರೆಯಬೇಕು.

ಅವರು ನಮ್ಮ ಸರ್ಕಾರಿ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಬರೋರು. ಸೀಮೆಸುಣ್ಣದ ಕೈಯಲ್ಲೇ ಬೆವರು ಒರೆಸಿಕೊಂಡು ಒರೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ವಿಭೂತಿ ಯಾವುದು ಸೀಮೆಸುಣ್ಣ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಓಡಾಟಕ್ಕೆ ಒಂದು ಹಳೇ ಟಿವಿಎಸ್ ಇತ್ತು. ಅದರ ಸದ್ದು ಕೇಳಿದರೆ ನಮ್ಮ ವಠಾರದ ಹುಡುಗರು ಕೈಗೆ ಸಿಕ್ಕಿದ ಯಾವುದೋ ಪುಸ್ತಕ ತೆಗೆದು ಕೂರುತ್ತಿದ್ದರು. ಒಂದು ಸಲ ನನ್ನ ತಮ್ಮ ಗಡಿಬಿಡಿಯಲ್ಲಿ ಪಂಚಾಂಗ ತೆಗೆದು ಕೂತಿದ್ದ. "ಏನು ಸ್ವಾಮಿ, ಮುಹೂರ್ತ ಸಿಕ್ತಾ ಓದೋಕೆ?" ಅಂತ ಕೇಳಿ ಮುಂದಕ್ಕೆ ಹೋದರು.

ಉತ್ತರ ಸರಿಯಿದ್ದರೆ ಅವರು ರೈಟ್ ಹಾಕುತ್ತಿರಲಿಲ್ಲ. ಉತ್ತರದ ಕೆಳಗೆ ಹಸಿರು ಪೆನ್ನಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದರು, ಅಷ್ಟೇ. ಆ ಚುಕ್ಕಿಗೆ ಜಾಗ ಬೇಕು ಅಂತ ನಾವೆಲ್ಲ ಪ್ರತಿ ಲೆಕ್ಕದ ಕೆಳಗೂ ಒಂದು ಸಾಲು ಖಾಲಿ ಇಡುತ್ತಿದ್ದೆವು. ಡಿಗ್ರಿ ಪರೀಕ್ಷೆಯಲ್ಲೂ ನನ್ನ ಕೈ ಹಾಗೇ ಸಾಲು ಖಾಲಿ ಇಟ್ಟುಕೊಂಡು ಬರೆಯುತ್ತಿತ್ತು.

ಬೇರೆ ಮೇಷ್ಟ್ರುಗಳು ಪರೀಕ್ಷೆಗೆ ಏನು ಓದಬೇಕು ಅಂತ ಹೇಳುತ್ತಿದ್ದರು. ಇವರು ಏನು ಓದಬಾರದು ಅಂತ ಹೇಳುತ್ತಿದ್ದರು. ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲಿನ ಶನಿವಾರ ಅದಕ್ಕೇ ಮೀಸಲು. ಒಬ್ಬೊಬ್ಬರನ್ನೇ ಉತ್ತರ ಪತ್ರಿಕೆ, ಪಠ್ಯಪುಸ್ತಕ ಎರಡೂ ಹಿಡಿದುಕೊಂಡು ಟೇಬಲ್ಲಿನ ಹತ್ತಿರ ಬರೋಕೆ ಹೇಳುತ್ತಿದ್ದರು.

"ವರ್ಗ ಸಮೀಕರಣ ಬರುತ್ತಾ?"

"ಸ್ವಲ್ಪ ಬರುತ್ತೆ ಸಾರ್."

"ಸ್ವಲ್ಪ ಬರೋದೇ ಅಪಾಯ ಮಾರಾಯ. ಬರದೇ ಇರೋದನ್ನ ಮುಟ್ಟಲ್ಲ ನೀನು. ಸ್ವಲ್ಪ ಬರೋದ್ರ ಜೊತೆ ಕುಸ್ತಿ ಮಾಡ್ತಾ ಅರ್ಧ ಗಂಟೆ ಕಳೀತೀಯ. ಅಷ್ಟ್ರಲ್ಲಿ ಪ್ರಮೇಯ, ಗ್ರಾಫು ಎರಡೂ ಮುಗಿಸ್ಬಹುದು. ಇದನ್ನ ಬಿಡು."

ಹಾಗಂತ ಹೇಳಿ, ಪ್ಯಾಂಟಿನ ಜೇಬಿನಿಂದ ಹೂ ಕಟ್ಟುವ ಬಿಳೀ ದಾರದ ಉಂಡೆ ತೆಗೆಯುತ್ತಿದ್ದರು. ಬಿಟ್ಟ ಪಾಠದ ಹಾಳೆಗಳನ್ನು ಒಟ್ಟುಮಾಡಿ, ಸುತ್ತ ದಾರ ಸುತ್ತಿ, ಗಂಟು ಹಾಕುತ್ತಿದ್ದರು. ಪರೀಕ್ಷೆ ಮುಗಿಯುವ ತನಕ ಆ ಗಂಟು ಬಿಚ್ಚುವ ಹಾಗಿಲ್ಲ. ಲೆಕ್ಕದ ಪೇಪರ್ ದಿನ ಪುಸ್ತಕ ತರಬೇಕು. ಪರೀಕ್ಷೆ ಬರೆದು ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ಅವರೇ ಬ್ಲೇಡಿನಿಂದ ದಾರ ಕತ್ತರಿಸಿ, "ಹೋಗು, ಈಗ ಓದ್ಕೋ ಬೇಕಾದ್ರೆ" ಅಂತ ನಗುತ್ತಿದ್ದರು. ಆ ದಾರಕ್ಕೆ ನಾವು ಹೆದರುತ್ತಿದ್ದಷ್ಟು ಬೆತ್ತಕ್ಕೂ ಹೆದರುತ್ತಿರಲಿಲ್ಲ. ಗಂಟು ಬಿಚ್ಚಿದರೆ ಫೇಲಾಗ್ತಾರೆ ಅಂತ ಯಾರೋ ಹಬ್ಬಿಸಿದ್ದರು. ಸರ್ ಅದನ್ನು ಹೌದು ಅಂದವರೂ ಅಲ್ಲ, ಅಲ್ಲ ಅಂದವರೂ ಅಲ್ಲ. ಓದದೇ ಕೂತಿದ್ದ ಎಷ್ಟೋ ಹುಡುಗರು ಅದೇ ದಾರದಿಂದ ಪಾಸಾಗಿದ್ದಾರೆ. ಟೈರಿನ ಅಂಗಡಿಯವನ ಪುಸ್ತಕದಲ್ಲಿ ದಾರ ಇಲ್ಲದ ಪಾಠ ಹುಡುಕಬೇಕಿತ್ತು. ಅವನೂ ಪಾಸಾದ.

ನನ್ನ ಸರದಿ ಬಂದಾಗ ದಾರ ತೆಗೆಯಲೇ ಇಲ್ಲ. "ನಿಂಗೆ ಕಟ್ಟಲ್ಲ. ನೀನು ದಡ್ಡಿ ಅಲ್ಲ, ಸೋಮಾರಿ. ಎಲ್ಲಾ ಓದು" ಅಂದರು.

ನಮ್ಮಪ್ಪ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಎರಕ ಹೊಯ್ಯುತ್ತಿದ್ದರು. ಅಮ್ಮನಿಗೆ ಸಹಿ ಮಾತ್ರ ಬರುತ್ತಿತ್ತು. ನಮ್ಮ ವಂಶದಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೇ ಮೊದಲು. ಆಮೇಲೆ ಬಿ.ಎಸ್ಸಿ., ಆಮೇಲೆ ಬಿ.ಎಡ್. ಮದುವೆ ಕಾರ್ಡಿನಲ್ಲೂ ನನ್ನ ಹೆಸರಿನ ಮುಂದೆ ಇವೆರಡನ್ನೂ ಹಾಕಿಸಿದ್ದೆ. ಜಂಬ ಅಂದರು ಕೆಲವರು. ಜಂಬವೇ. ದುಡಿದು ತಗೊಂಡಿದ್ದು. ಈಗ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಇದ್ದೀನಿ, ಒಂದು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡ್ತೀನಿ. 'ನೀನು ಸೋಮಾರಿ, ಎಲ್ಲಾ ಓದು' ಅಂತ ಅವರು ಅವತ್ತು ಹೇಳದೇ ಇದ್ದಿದ್ದರೆ ನಾನೂ ಮಾಚೇನಹಳ್ಳಿ ಬಸ್ಸು ಹತ್ತುತ್ತಿದ್ದೆ.

ಆ ಬಸ್ಸು ಹತ್ತಿದವಳು ಸೆಲ್ವಿ.

ವಠಾರದಲ್ಲಿ ನಮ್ಮದು ಈ ತುದಿ ಮನೆ, ಅವರದ್ದು ಆ ತುದಿ. ಮನೆಯಲ್ಲಿ ತಮಿಳು, ಆದರೆ ಇಡೀ ಕ್ಲಾಸಿನಲ್ಲಿ ಕನ್ನಡದ ಅಕ್ಷರ ಮುದ್ದಾಗಿ ಬರೆಯುತ್ತಿದ್ದವಳು ಅವಳೇ. ಹತ್ತನೇ ಕ್ಲಾಸಿನ ವರ್ಷ ಅವಳಮ್ಮ ಹಾಸಿಗೆ ಹಿಡಿದರು. ಅಡುಗೆ, ಆಸ್ಪತ್ರೆ, ಅಪ್ಪನ ಶಿಫ್ಟಿಗೆ ಬುತ್ತಿ ಅಂತ ಅವಳು ಸ್ಕೂಲಿಗೆ ಬಂದಿದ್ದೇ ಕಡಿಮೆ. ಪ್ರಿಪರೇಟರಿಯಲ್ಲಿ ತ್ರಿಕೋನಮಿತಿಯ ಒಂದು ಲೆಕ್ಕ ಹಿಡಿದುಕೊಂಡು ಚಿತ್ರ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಬೆಲ್ಲು ಹೊಡೆದಾಗ ಪ್ರಮೇಯವೂ ಇಲ್ಲ, ಗ್ರಾಫೂ ಇಲ್ಲ.

ಶನಿವಾರ ಸರ್ ಅವಳ ಪುಸ್ತಕ ತಗೊಂಡರು. "ನೋಡು ಸೆಲ್ವಿ, ನಿಂಗೆ ಈ ವರ್ಷ ಟೈಮ್ ಇಲ್ಲ. ತಲೆ ಇದೆ, ಟೈಮ್ ಇಲ್ಲ. ಪ್ರಮೇಯ, ರಚನೆ, ಗ್ರಾಫು, ಸಂಖ್ಯಾಶಾಸ್ತ್ರ. ಇಷ್ಟು ಹಿಡ್ಕೊ. ಇದನ್ನ ಬಿಡು." ತ್ರಿಕೋನಮಿತಿಗೆ ದಾರ ಸುತ್ತಿದರು. "ಪೇಪರಲ್ಲಿ ಈ ಲೆಕ್ಕ ಕಂಡ್ರೆ ಕಣ್ಣೆತ್ತಿ ಕೂಡ ನೋಡ್ಬೇಡ. ಗೊತ್ತಾಯ್ತಾ?"

"ಆಯ್ತು ಸಾರ್."

ಅವರು ಹೇಳಿದ್ದರಲ್ಲಿ ಅವತ್ತಿನ ಮಟ್ಟಿಗೆ ತಪ್ಪೇನೂ ಇರಲಿಲ್ಲ. ಈಗ ನಾನೂ ಮೇಷ್ಟ್ರೇ, ಅವಳ ಪೇಪರು ನನ್ನ ಕೈಗೆ ಬಂದಿದ್ದರೂ ಅದನ್ನೇ ಹೇಳುತ್ತಿದ್ದೆ.

ಪರೀಕ್ಷೆಗೆ ಮುಂಚೆ ಒಂದು ಸಂಜೆ ನಾನು ವಠಾರದ ಬಾವಿಕಟ್ಟೆ ಮೇಲೆ ತ್ರಿಕೋನಮಿತಿ ಬಿಡಿಸಿಕೊಂಡು ಅಳುತ್ತಾ ಕೂತಿದ್ದೆ. ಗೋಪುರದಿಂದ ಇಷ್ಟು ದೂರ, ಉನ್ನತ ಕೋನ ಇಷ್ಟು, ಎತ್ತರ ಎಷ್ಟು? ಉನ್ನತ ಕೋನ ಅಂದರೆ ಯಾವುದು ಅಂತಲೇ ತಲೆಗೆ ಹೋಗುತ್ತಿರಲಿಲ್ಲ. ಸೆಲ್ವಿ ಬಿಂದಿಗೆ ಹಿಡಿದು ಬಂದಳು. ಪುಸ್ತಕದಲ್ಲಿ ಇಣುಕಿದಳು.

"ಇದಾ? ಇದು ಸುಲಭ ಕಣೇ. ಕಾರ್ಖಾನೆ ಚಿಮಣಿ ನೋಡು."

ಹೆಂಚುಗಳ ಮೇಲೆ ಚಿಮಣಿಯ ತುದಿ ಕಾಣುತ್ತಿತ್ತು. ಅವಳು ಕೈ ನೇರ ಚಾಚಿದಳು. ಆಮೇಲೆ ನಿಧಾನಕ್ಕೆ ತುದಿಯ ಕಡೆ ಎತ್ತಿದಳು. "ಕೈ ಎಷ್ಟು ಎತ್ತಿದ್ನೋ ಅದೇ ಕೋನ. ನೆಲ ಒಂದು ಗೆರೆ, ಚಿಮಣಿ ಒಂದು ಗೆರೆ, ನನ್ನ ಕಣ್ಣಿಂದ ತುದಿಗೆ ಇನ್ನೊಂದು. ಆಯ್ತಲ್ಲ ತ್ರಿಭುಜ? ಎತ್ತರ ಬೇಕು, ದೂರ ಗೊತ್ತು, ಅಂದ್ಮೇಲೆ ಟ್ಯಾನ್."

"ನಿಂಗೆ ಹೆಂಗೆ ಗೊತ್ತಾಯ್ತು? ನಿನ್ನ ಪುಸ್ತಕಕ್ಕೆ ದಾರ ಕಟ್ಟಿದ್ದಾರಲ್ಲ!"

"ಪ್ರಿಪರೇಟರೀಲಿ ಕೂತು ಅಳಿಸಿ ಅಳಿಸಿ ಬರೆದಿದ್ನಲ್ಲ, ಅದು ತಲೇಲೇ ಇತ್ತು. ಆಸ್ಪತ್ರೇಲಿ ಅಮ್ಮನ ಹತ್ರ ಕೂತು ಯೋಚ್ನೆ ಮಾಡ್ತಿದ್ದೆ. ಒಂದಿನ ಕಿಟಕೀಲಿ ನೀರಿನ ಟ್ಯಾಂಕ್ ನೋಡ್ತಾ ಹೊಳೀತು." ಅವಳು ನಕ್ಕಳು. "ದಾರ ಬಿಚ್ಚಿಲ್ಲ ಮಾರಾಯ್ತಿ. ಸರ್ ಕಟ್ಟಿದ್ದನ್ನ ನಾನು ಬಿಚ್ಚಲ್ಲಪ್ಪ. ನಿನ್ನ ಪುಸ್ತಕ ತೋರ್ಸು, ಇನ್ನೊಂದು ಲೆಕ್ಕ ಮಾಡ್ತೀನಿ."

ಕತ್ತಲಾಗುವ ತನಕ ನನ್ನ ಪುಸ್ತಕದಲ್ಲಿ ಅವಳು ಮಾಡಿದಳು, ನಾನು ಕಲಿತೆ. ಬಿಂದಿಗೆ ಖಾಲಿಯೇ ಇತ್ತು. ಅವಳಪ್ಪ ಬಂದು ಬೈದು ಕರೆದುಕೊಂಡು ಹೋದರು.

ಪರೀಕ್ಷೆಯ ದಿನ ಬೆಳಿಗ್ಗೆ ಸರ್ ಕೇಂದ್ರದ ಗೇಟಿನ ಹತ್ತಿರ ನಿಂತು ಅದೇ ಹಳೇ ಮಂತ್ರ ಹೇಳಿದರು. ಹೊಸದೇನೂ ಓದ್ಬೇಡಿ. ಓದೋಕೆ ಅಂತ ಕೊಡೋ ಹೊತ್ತಲ್ಲಿ ಪೆನ್ನು ಮುಟ್ಬೇಡಿ, ಬರೀ ಓದಿ. ಪ್ರಮೇಯಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ, ಒಂದೂ ತಪ್ಪಿಸ್ಬೇಡಿ. ಉತ್ತರ ಬರ್ಲಿಲ್ಲ ಅಂದ್ರೂ ಹಂತ ಬರೀರಿ, ಹಂತಕ್ಕೆ ಮಾರ್ಕ್ಸ್ ಇದೆ. ಪೆನ್ಸಿಲ್ ಯಾರು ಮರೆತಿದ್ದೀರಿ? ಮರೆತವರು ಇದ್ದೇ ಇರುತ್ತಿದ್ದರು. ಅವರ ಚೀಲದಲ್ಲಿ ಚೂಪು ಮಾಡಿದ ಪೆನ್ಸಿಲ್‌ಗಳೂ ಇದ್ದೇ ಇರುತ್ತಿದ್ದವು.

ಬರೆದು ಹೊರಗೆ ಬಂದಾಗ ಅವರು ಅದೇ ಜಾಗದಲ್ಲಿ ಬ್ಲೇಡು ಹಿಡಿದು ನಿಂತಿದ್ದರು. ಸುತ್ತ ಹುಡುಗರು. ಒಂದೊಂದೇ ದಾರ ಕತ್ತರಿಸುತ್ತಾ, ಒಬ್ಬೊಬ್ಬರನ್ನೇ ವಿಚಾರಿಸುತ್ತಾ ಇದ್ದರು. ಸೆಲ್ವಿ ಪುಸ್ತಕ ಮುಂದೆ ಹಿಡಿದಳು.

"ಹೆಂಗಾಯ್ತು?"

"ಪ್ರಮೇಯ ಪೂರ್ತಿ ಸಾರ್. ಗ್ರಾಫಲ್ಲಿ ಒಂದು ಬಿಂದು ತಪ್ಪಾಯ್ತು ಅನ್ಸುತ್ತೆ, ಗೆರೆ ಸೇರ್ಲಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಕೂಡೋದು ಎಡವಟ್ಟಾಯ್ತು."

"ಗೋಪುರದ ಲೆಕ್ಕ ಬಂದಿತ್ತಲ್ಲ, ಕೈ ಹಾಕಿದ್ಯಾ?"

"ಇಲ್ಲ ಸಾರ್!" ಅವಳ ಮುಖ ಅರಳಿತು. "ಬಿಟ್ಟೆ. ಕಣ್ಣೆತ್ತಿ ಕೂಡ ನೋಡ್ಲಿಲ್ಲ. ಕೊನೇಲಿ ಟೈಮ್ ಇತ್ತು, ಆದ್ರೂ ಸುಮ್ನೆ ಕೂತಿದ್ದೆ."

"ಭೇಷ್!" ಅಂದರು ಸರ್. "ನೋಡ್ರೋ, ಮಾತು ಕೇಳೋದು ಅಂದ್ರೆ ಹಿಂಗೆ."

ನಾನು ಖುಷಿಯಲ್ಲಿದ್ದೆ. ಗೋಪುರದ ಲೆಕ್ಕ ಮಾಡಿ ಬಂದಿದ್ದೆ. ಬಾಯಿ ತಡೆಯಲಿಲ್ಲ. "ಸಾರ್, ಆ ಲೆಕ್ಕ ನಂಗೆ ಹೇಳ್ಕೊಟ್ಟಿದ್ದೇ ಇವಳು. ಬಾವಿಕಟ್ಟೆ ಹತ್ರ. ಅದೇ ಥರದ್ದೇ ಬಂದಿತ್ತು."

ಬ್ಲೇಡು ದಾರದ ಹತ್ತಿರ ಹೋಗಿತ್ತು. ಅಲ್ಲೇ ನಿಂತಿತು.

"ಇವಳಿಗೆ ಬರ್ತಿತ್ತಾ?" ಅಂತ ನನ್ನನ್ನು ಕೇಳಿದರು. ಆಮೇಲೆ ಅವಳ ಕಡೆ ತಿರುಗಿ, "ನಿಂಗೆ ಬರ್ತಿತ್ತಾ?"

"ಬರ್ತಿತ್ತು ಸಾರ್." ಅವಳಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. "ಆದ್ರೆ ನೀವು ಬಿಡು ಅಂದಿದ್ರಲ್ಲ."

ಸರ್ ಅವಳನ್ನು ನೋಡುತ್ತಾ ನಿಂತರು. ಏನೋ ಹೇಳೋಕೆ ಬಾಯಿ ತೆರೆದು, "ಊಟ ಮಾಡಿದ್ಯೇನಮ್ಮ?" ಅಂದರು. ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಟಿವಿಎಸ್ ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ರಸ್ತೆ ದಾಟಿದರು. ಅವಳ ಪುಸ್ತಕದ ದಾರ ಹಾಗೇ ಉಳಿಯಿತು.

ರಿಸಲ್ಟು ಬಂತು. ಎಲ್ಲಾ ವಿಷಯದಲ್ಲೂ ಪಾಸಾದ ಸೆಲ್ವಿಗೆ ಲೆಕ್ಕ ಒಂದು ಹೋಗಿತ್ತು. ಆ ಗೋಪುರದ ಲೆಕ್ಕ ಒಂದು ಮಾಡಿದ್ದರೆ ದಾಟುತ್ತಿದ್ದಳು. ಅಷ್ಟರಲ್ಲೇ ತಪ್ಪಿತು.

ಮಾರನೇ ದಿನವೇ ವಠಾರದಲ್ಲಿ ಟಿವಿಎಸ್ ಸದ್ದು ಕೇಳಿತು. ಸರ್ ಅವಳ ಮನೆ ಬಾಗಿಲಲ್ಲಿ ನಿಂತು, ಮರುಪರೀಕ್ಷೆಗೆ ಕಟ್ಟೋಣ, ದಿನಾ ಬಂದು ನಾನೇ ಹೇಳಿಕೊಡ್ತೀನಿ ಅಂದರು. ಅವಳಪ್ಪ ಕೈ ಮುಗಿದರು. "ಬೇಡ ಸಾರ್. ಅವಳಮ್ಮ ಹಿಂಗಿದ್ದಾಳೆ, ನೀವೇ ನೋಡ್ತಿದ್ದೀರ. ಮಾಚೇನಹಳ್ಳಿ ಗಾರ್ಮೆಂಟ್ಸಲ್ಲಿ ಕೆಲಸ ಇದೆಯಂತೆ. ಹೋಗ್ಲಿ."

"ತಪ್ಪು ನಂದು. ಅವಳದ್ದಲ್ಲ."

"ಅಯ್ಯೋ, ಏನ್ ಸಾರ್ ಹಂಗಂತೀರ! ನೀವು ಗುರುಗಳು."

ಸರ್ ಹೊರಗೆ ಬಂದಾಗ ನಾನು ನಮ್ಮ ಬಾಗಿಲಲ್ಲಿದ್ದೆ. ನನ್ನ ಅಂಕ ಎಷ್ಟು ಅಂತ ಕೇಳಲಿಲ್ಲ. ನನಗೆ ಬೇಜಾರಾಯಿತು. ಹದಿನಾರರ ವಯಸ್ಸು.

ಮುಂದಿನ ವರ್ಷದ ಆ ಶನಿವಾರ ದಾರದ ಉಂಡೆ ಬರಲಿಲ್ಲ ಅಂತ ಹತ್ತನೇ ಕ್ಲಾಸಿಗೆ ಬಂದಿದ್ದ ನನ್ನ ತಮ್ಮ ಹೇಳಿದ. ಒಬ್ಬೊಬ್ಬರನ್ನೇ ಕರೆದರಂತೆ, ಉತ್ತರ ಪತ್ರಿಕೆ ನೋಡಿದರಂತೆ. ಪಾಠದ ಮೇಲೆ ಬೆರಳಿಟ್ಟು, "ಇದನ್ನ ಕೊನೆಗೆ ನೋಡು. ಬೇರೆ ಎಲ್ಲಾ ಮುಗಿದ್ಮೇಲೆ ನೋಡು. ಆದ್ರೆ ನೋಡು. ಖಾಲಿ ಬಿಟ್ಟು ಎದ್ದು ಬಂದ್ರೆ ಕಾಲು ಮುರೀತೀನಿ" ಅಂದರಂತೆ. 'ಬಿಡು' ಅನ್ನುವ ಮಾತನ್ನು ಅವರ ಬಾಯಲ್ಲಿ ಆಮೇಲೆ ಯಾರೂ ಕೇಳಲಿಲ್ಲ.

ಸೆಲ್ವಿ ಗಾರ್ಮೆಂಟ್ಸಿಗೆ ಸೇರಿದಳು. ಅವಳಮ್ಮ ತೀರಿಕೊಂಡರು. ಕೆಲವು ವರ್ಷಕ್ಕೆ ಶಿವಮೊಗ್ಗದ ಆಲ್ಕೊಳದ ಕಡೆ ಮದುವೆಯಾಯಿತು. ಗಂಡ ಆಟೋ ಓಡಿಸುತ್ತಾನೆ, ಒಳ್ಳೆಯವನು. ಹೊಲಿಗೆ ಕೆಲಸಕ್ಕೆ ಅವಳು ಹೋಗುವುದು ನಿಲ್ಲಲಿಲ್ಲ. ಮೇಲಿನ ಕೆಲಸ ಕೊಡೋಕೆ ಹತ್ತನೇ ಕ್ಲಾಸು ಕೇಳ್ತಾರೆ ಕಣೇ ಅಂತ ಒಂದು ಸಲ ನನ್ನ ಹತ್ತಿರ ಅಂದಿದ್ದಳು. ತಕ್ಷಣ ಮಾತು ಬದಲಾಯಿಸಿದಳು.

ಪ್ರತಿ ವರ್ಷ, ಪರೀಕ್ಷೆಗೆ ಫಾರಂ ತುಂಬುವ ಕಾಲ ಬಂತು ಅಂದರೆ ಸರ್ ಅವಳ ಮನೆಗೆ ಹೋಗುತ್ತಿದ್ದರು. ಹಳೇ ವಿದ್ಯಾರ್ಥಿಗಳ ಫಾರಂ ಓದಿದ ಸ್ಕೂಲಿಂದಲೇ ಹೋಗಬೇಕು. ನಿವೃತ್ತಿಯಾದ ಮೇಲೂ ಸ್ಕೂಲಿಗೆ ಹೋಗಿ, ಹೆಡ್‌ಮಾಸ್ಟರ ಹತ್ತಿರ ಕೇಳಿ ತಗೊಂಡು ಬರುತ್ತಿದ್ದರು. ಕಣ್ಣು ಮಂಜಾಗಿ ಟಿವಿಎಸ್ ಬಿಟ್ಟ ಮೇಲೆ ಬಸ್ಸಿನಲ್ಲಿ ಓಡಾಡಿದರು. ನಾನು ಡಿಗ್ರಿ ಮುಗಿಸಿದ ವರ್ಷ ನನ್ನನ್ನೂ ಕರೆದುಕೊಂಡು ಹೋಗಿದ್ದರು. "ನೀನು ಬಾ. ನಿನ್ನ ನೋಡಿದ್ರೆ ಅವಳಿಗೂ ಮನಸ್ಸಾಗ್ಬಹುದು" ಅಂದರು.

ಅವಳು ಟೀ ಮಾಡಿಕೊಟ್ಟಳು. ಸರ್ ಅವಳ ಅತ್ತೆಯ ಮಂಡಿನೋವಿನ ಬಗ್ಗೆ ವಿಚಾರಿಸಿದರು, ಆಟೋಗೆ ಗ್ಯಾಸ್ ಸಿಗುತ್ತಾ ಅಂತ ವಿಚಾರಿಸಿದರು. ಹೊರಡುವ ಮುಂಚೆ ಫಾರಂ ತೆಗೆದು ಟೀವಿಯ ಪಕ್ಕ ಇಟ್ಟರು.

"ಮುಂದಿನ ವರ್ಷ ಸಾರ್. ಖಂಡಿತಾ" ಅಂದಳು ಸೆಲ್ವಿ.

"ಹೋದ ವರ್ಷನೂ ಅದೇ ಅಂದಿದ್ದೆ."

"ಈ ಸಲ ಪ್ರಾಮಿಸ್ ಸಾರ್." ಎಲ್ಲರೂ ನಕ್ಕೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ. "ಎಷ್ಟೋ ಜನ ಫೇಲಾಗಿದ್ದಾರಲ್ಲ ಸಾರ್ ನಿಮ್ಮ ಕೈಯಲ್ಲಿ. ಇವಳೊಬ್ಬಳನ್ನ ಯಾಕೆ ಇಷ್ಟು ಹಚ್ಕೊಂಡಿದ್ದೀರಿ?"

ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ಲೆಕ್ಕ ಬರದೇ ಫೇಲಾದೋರು ಎಷ್ಟೋ ಜನ ಮಾರಾಯ್ತಿ. ಅವರನ್ನ ನೆನೆಸ್ಕೊಂಡ್ರೂ ನಂಗೆ ನಿದ್ದೆ ಬರುತ್ತೆ. ಇವಳು ಬಂದೂ ಫೇಲಾದಳು. ನನ್ನ ಮಾತು ಮೀರೋಕೆ ಆಗ್ದೆ ಫೇಲಾದಳು. ಮಾತು ಕೇಳ್ದೆ ಇರೋ ಹುಡುಗಿ ಆಗಿದ್ರೆ ಪಾಸಾಗ್ತಿದ್ಲು." ಆಮೇಲೆ ನನ್ನ ಕಡೆ ತಿರುಗಿ ಅಂದರು, "ನಾನು ಭೇಷ್ ಅಂದ್ನಲ್ಲ. ಅದು ಕಿವೀಲಿದೆ."

ಅವರು ಹೋಗಿದ್ದು ನಿದ್ದೆಯಲ್ಲೇ. ಬೆಳಿಗ್ಗೆ ಎಬ್ಬಿಸಲು ಹೋದಾಗ ಏಳಲಿಲ್ಲವಂತೆ.

ಸೆಲ್ವಿ ಮಧ್ಯಾಹ್ನದ ಹೊತ್ತಿಗೆ ಬಂದಳು, ಫ್ಯಾಕ್ಟರಿಯ ಗುರುತಿನ ಕಾರ್ಡು ಕುತ್ತಿಗೆಯಲ್ಲಿ ಹಾಗೇ ಇತ್ತು. ಗೇಟಿನ ಹೊರಗೇ ನಿಂತಳು. ನಾನು ಹೋಗಿ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಸರ್ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಅವರನ್ನು ನಾವೆಲ್ಲ ಅಮ್ಮ ಅಂತಲೇ ಕರೆಯುತ್ತಿದ್ದೆವು.

"ಬಂದ್ಯಾ ಸೆಲ್ವಿ. ಬಾ ಕೂತ್ಕೊ." ಅಮ್ಮ ಅವಳ ಕೈ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. "ದೀಪಾವಳಿ ಆದ್ಮೇಲೆ ನಿಮ್ಮನೆಗೆ ಬಂದಿದ್ರಲ್ಲ. ಬೇಡ ಅಂದೆ, ಮೈಯಲ್ಲಿ ಹುಷಾರಿಲ್ಲ ಅಂದೆ, ಕೇಳ್ಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೊರಟ್ರು. ನೀನು ಸಿಗ್ಲಿಲ್ವಂತೆ."

ಸೆಲ್ವಿ ಇನ್ನೊಂದು ಕೈಯಲ್ಲಿ ಕುತ್ತಿಗೆಯ ಕಾರ್ಡು ಹಿಡಿದುಕೊಂಡಳು.

"ಬೇಜಾರೇನೂ ಮಾಡ್ಕೊಳ್ಲಿಲ್ಲ. ಬಂದು ಕೈಕಾಲು ತೊಳ್ಕೊಂಡು ಕೂತ್ರು. ಆಮೇಲೆ, 'ಸೆಲ್ವಿ ಚಪ್ಪಲಿ ಹಿಮ್ಮಡಿ ಪೂರ್ತಿ ಸವೆದು ಹೋಗಿದೆ ಕಣೇ. ತುಂಬಾ ಓಡಾಟ ಆ ಹುಡುಗೀಗೆ' ಅಂದ್ರು. ನಾನು ಕೇಳ್ದೆ, ಅವಳು ಮನೇಲಿರ್ಲಿಲ್ಲ ಅಂದ್ರಿ, ಚಪ್ಪಲಿ ಎಲ್ಲಿ ನೋಡಿದ್ರಿ..." ಅಮ್ಮ ಅಲ್ಲಿಗೆ ನಿಲ್ಲಿಸಿದರು. ಸೆಲ್ವಿಯ ಮುಖ ನೋಡಿದರು. ಕೈ ಮಾತ್ರ ಬಿಡಲಿಲ್ಲ.

ಹೊರಗೆ ಬಂದ ಮೇಲೆ, ಕಾಂಪೌಂಡಿನ ಮೂಲೆಯಲ್ಲಿ ನಿಂತು ಅವಳು ಹೇಳಿದಳು. ಅವತ್ತು ಅವಳು ಮನೆಯಲ್ಲೇ ಇದ್ದಳು. ಗೇಟಿನ ಹತ್ತಿರ ಸರ್ ದನಿ ಕೇಳಿ ಒಳಗಿನ ಕೋಣೆಗೆ ಸರಿದು ಅತ್ತೆಗೆ ಕೈಸನ್ನೆ ಮಾಡಿದಳು. ಅತ್ತೆ, "ಅವಳು ಇಲ್ಲ ಸಾರ್, ಊರಿಗೆ ಹೋಗಿದ್ದಾಳೆ" ಅಂದರು. ಸರ್ ಸ್ವಲ್ಪ ಹೊತ್ತು ಹೊಸ್ತಿಲಲ್ಲಿ, ಅವಳು ಚಪ್ಪಲಿ ಬಿಟ್ಟಿದ್ದ ಕಡೆ ನಿಂತಿದ್ದರು. "ಬಂದಿದ್ದೆ ಅಂತ ಹೇಳಿ" ಅಂತ ಫಾರಂ ಅತ್ತೆಯ ಕೈಗೆ ಕೊಟ್ಟು ಹೋದರು. ಬಾಗಿಲ ಸಂದಿಯಲ್ಲಿ ಅವರ ಬೆನ್ನು ನೋಡಿದಳಂತೆ. ಬಗ್ಗಿ ಹೋಗಿತ್ತಂತೆ.

"ಯಾಕೆ ಸೆಲ್ವಿ? ಒಂದು ಪೇಪರ್ ಬರೆದುಬಿಡೋದಲ್ವಾ?" ನನಗೆ ಸಿಟ್ಟೇ ಬಂದಿತ್ತು.

"ಬರೆದು ಮತ್ತೆ ಫೇಲಾಗಿದ್ರೆ?" ಅವಳು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ನಂಗೇನೂ ಆಗ್ತಿರ್ಲಿಲ್ಲ ಕಣೇ. ನಾನು ಮಶೀನ್ ಮುಂದೆ ಕೂತ್ಕೋತಿದ್ದೆ, ಅಷ್ಟೇ. ಅವರು ತಡ್ಕೋತಿದ್ರಾ? ಒಂದು ಸಲ ಫೇಲಾಗಿದ್ದಕ್ಕೆ ಇಷ್ಟು ವರ್ಷ ಬಂದ್ರು. ಬರೀದೆ ಇದ್ರೆ, ಬರೆದ್ರೆ ಪಾಸಾಗ್ತಾಳೆ ಅಂತ ಅಂದ್ಕೊಂಡಾದ್ರೂ ಇರ್ತಾರೆ ಅಂತ... ಅಷ್ಟಾದ್ರೂ ಇರ್ಲಿ ಅಂತ..."

ನಾನು ಅವಳನ್ನು ಹಿಡಿದುಕೊಂಡೆ. ನಮ್ಮ ಹಿಂದೆ ಟೈರಿನ ಅಂಗಡಿಯವನೂ ಆ ಹುಡುಗನೂ ಹೂವಿನ ಹಾರ ಹೊತ್ತು ತರುತ್ತಿದ್ದರು. ಅಡ್ಡಹೆಸರಿನ ಜಗಳ ಮರೆತಿದ್ದರು.

ಹೋದ ಭಾನುವಾರ ಸೆಲ್ವಿ ಹೊಸಮನೆಗೆ ಬಂದಳು. ಫಾರಂ ಕಳಿಸಲು ಇನ್ನೂ ಕೆಲವು ದಿನ ಇದೆ. ಸರ್ ಕೊಟ್ಟು ಹೋದ ಅದೇ ಫಾರಂ ತಂದು ನನ್ನ ಮೇಜಿನ ಮೇಲಿಟ್ಟಳು. ಖಾಲಿ ಇತ್ತು.

"ತುಂಬೋಣ್ವಾ?" ಅಂದೆ. "ದಿನಾ ಬಾ, ನಾನು ಹೇಳ್ಕೊಡ್ತೀನಿ. ಅವರ ಹಂಗೆ ಅಲ್ಲದಿದ್ರೂ ಒಂದು ಮಟ್ಟಕ್ಕೆ ಹೇಳ್ಕೊಡ್ತೀನಿ."

"ಬೇಡ. ನಿನ್ನ ಹತ್ರನೇ ಇರ್ಲಿ ಅಂತ ತಂದೆ. ನಮ್ಮನೇಲಿ ಅದನ್ನ ನೋಡೋಕೆ ಆಗ್ತಿಲ್ಲ. ಈಗ ಪಾಸಾದ್ರೆ ಯಾರಿಗೆ ಹೋಗಿ ಹೇಳ್ಲಿ?"

ಮೇಲಿನ ಕೆಲಸ ಸಿಗುತ್ತೆ ಅನ್ನಬಹುದಿತ್ತು. ಅನ್ನಲಿಲ್ಲ.

"ನಿನ್ನ ಪುಸ್ತಕ ಎಲ್ಲಿದೆ?" ಅಂತ ಕೇಳಿದೆ.

"ಅಪ್ಪನ ಮನೇಲಿ, ಟ್ರಂಕಲ್ಲಿ. ದಾರ ಹಂಗೇ ಇದೆ."

"ಬಿಚ್ಚೋದಲ್ವಾ ಇನ್ನಾದ್ರೂ."

"ಕತ್ತರಿಸ್ಬೇಕಾದೋರು ಅವರಲ್ವಾ" ಅಂದಳು.

ಟೀ ಕುಡಿದೆವು. ಅವಳು ಎದ್ದು ಹೊರಟವಳು ಬಾಗಿಲ ಹತ್ತಿರ ನಿಂತಳು. "ನಿನ್ನ ಪುಸ್ತಕ ತೋರ್ಸು. ಆ ಲೆಕ್ಕ ಒಂದು ಮಾಡ್ತೀನಿ. ಬರುತ್ತಾ ನೋಡೋಣ."

ಪುಸ್ತಕ ತೆಗೆದು ಕೊಟ್ಟೆ. ಗೋಪುರದಿಂದ ಮೂವತ್ತು ಮೀಟರ್ ದೂರ, ಉನ್ನತ ಕೋನ ಮೂವತ್ತು ಡಿಗ್ರಿ. ಅವಳು ನೆಲದ ಮೇಲೆ ಕೂತಳು. ಕಾಗದ ಎದುರಿಗಿಟ್ಟುಕೊಂಡು ಮೊದಲು ಬಲಗೈ ನೇರ ಚಾಚಿದಳು. ನಿಧಾನಕ್ಕೆ ಮೇಲೆತ್ತಿದಳು. ನನ್ನ ಮನೆಯ ಗೋಡೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆಮೇಲೆ ಚಿತ್ರ ಬರೆದಳು, ಒಂದು ಸಲವೂ ಅಳಿಸದೆ. ಆ ಮುದ್ದು ಅಕ್ಷರ ಹಾಗೇ ಇತ್ತು. ಹಂತ ಹಂತವಾಗಿ ಕೆಳಗಿಳಿದಳು. ಹತ್ತು ರೂಟ್ ಮೂರು ಮೀಟರ್.

ಕಾಗದ ನನ್ನ ಕಡೆ ತಳ್ಳಿ, ತಲೆ ಎತ್ತದೆ ಕಾದಳು.

ಸರಿ ಇತ್ತು. ಉತ್ತರದ ಕೆಳಗೆ ಒಂದು ಸಾಲು ಖಾಲಿ ಇಟ್ಟಿದ್ದಳು. ನನ್ನ ಪೆನ್ನಿನ ಡಬ್ಬದಲ್ಲಿ ಹಸಿರು ಪೆನ್ನೂ ಇತ್ತು. ಕೈಗೆ ತಗೊಂಡೆ. ಮುಚ್ಚಳ ತೆಗೆದೆ. ಆ ಚುಕ್ಕಿ ಇಡಲು ನನ್ನಿಂದ ಆಗಲಿಲ್ಲ.